ಸೆರಗಿಲ್ಲದ ಸೀರೆ

ಮೊನ್ನೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಅವ್ವನ ಇಳಕಲ್ಲ ಸೀರೆ ಸಿಕ್ಕಿತು. ಕಪ್ಪು ಮೈ, ಕೆಂಪು ದಡಿ, ಸೆರಗು ಮಾತ್ರ ಇಲ್ಲ. ಡಾಂಬರು ಗುಳಿಗೆಯ ವಾಸನೆಯ ಅಡಿಯಲ್ಲಿ ಕಲ್ಲಿನ ಧೂಳಿನ ವಾಸನೆ ಇನ್ನೂ ಇತ್ತು. ಅಥವಾ ನನಗೆ ಹಾಗನಿಸಿತು... “ಅತ್ತೀ, ಸೆರಗಿಲ್ಲದ ಸೀರಿ ಯಾಕ ಇಟ್ಟೀರಿ? ನೆಲಾ ಒರಸೂ ಅರಬಿ ಮಾಡೂಣೇನ್ರಿ?” ಎಂದು ಸೊಸೆ ಕೇಳಿದಳು. ನನಗೆ ಮದ್ದಿನ ಕಾಕಾ ನೆನಪಾದರು.

ಇಳಕಲ್ಲಿನ ಹೊರಗೆ, ಕಲ್ಲಿನ ಖಣಿಯ ಬಾಯಿಗೇ ಅವ್ವನ ಚಹಾದಂಗಡಿ ಇತ್ತು. ಖಣಿಯಲ್ಲಿ ಬಂಡೆಗೆ ಮದ್ದು ತುಂಬಿ ಹಾರಿಸುವವರು ಮೂವರು. ಅವರಲ್ಲಿ ಹಿರಿಯರು ನಮ್ಮ ಓಣಿಯ ಮುಸಲ್ಮಾನರಾದ ಈ ಕಾಕಾ. ಮದ್ದು ಹಾರಿಸುವ ಮೊದಲು ಕೆಂಪು ಬಟ್ಟೆ ಬೀಸುತ್ತ, “ಸರೀರೀ... ಮದ್ದ ಹಾರತೈತಿ, ಸರೀರೀ...” ಎಂದು ಸುತ್ತಲಿನ ಹೊಲಗಳಿಗೆಲ್ಲ ಕೂಗಿ ಬರುತ್ತಿದ್ದರು. ಕುರಿ ಮೇಯಿಸುವವರು ದೂರ ಹೋಗುವವರೆಗೆ ಬತ್ತಿಗೆ ಬೆಂಕಿ ಇಡುತ್ತಿರಲಿಲ್ಲ. ಮಾಲೀಕ ಎಷ್ಟು ಒದರಾಡಿದರೂ ಅಷ್ಟೇ.

ಅವರ ಬಟ್ಟೆ ಬಣ್ಣಗೆಟ್ಟಾಗ ಅವ್ವ ತನ್ನ ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಟಳು. “ತಗೋ ಅಣ್ಣಾ, ಈ ಕೆಂಪು ಹರದಾರಿ ದೂರಕ್ಕ ಕಾಣತೈತಿ.” ಕಾಕಾ ನಕ್ಕರು. “ಇಷ್ಟ ಛಂದ ಸೆರಗ ಬೀಸಿದ್ರ ಮಂದಿ ದೂರ ಹೋಗೂದು ಬಿಟ್ಟು ಹತ್ರ ಬರ್ತಾರವ್ವಾ!”

ಒಂದು ಮುಂಜಾನೆ ಮದ್ದಿಡುವ ಕೋಣೆಯ ಕೀಲಿ ಮುರಿದಿತ್ತು. ಒಂದಿಷ್ಟು ಮದ್ದಿನ ಕಡ್ಡಿ ಇರಲಿಲ್ಲ. ಮಾಲೀಕ ಸುಮ್ಮನಿರು ಎಂದ. ಕಾಕಾ ಕೇಳಲಿಲ್ಲ. “ಯಾರದರೆ ಜೀವಕ್ಕ ಬರತೈತಿ,” ಎಂದು ತಾವೇ ಠಾಣೆಗೆ ಹೋದರು. ಅದೇ ವಾರ ದೂರದ ಯಾವುದೋ ಶಹರದಲ್ಲಿ ಬಾಂಬು ಸಿಡಿದಿತ್ತು. ಮದ್ದಿನ ಕೆಲಸ ಬಲ್ಲ ಮುಸಲ್ಮಾನರ ಮೇಲೆ ಕಣ್ಣಿಡಿ ಎಂದು ಮೇಲಿನಿಂದ ಹುಕುಂ ಬಂದಿತ್ತಂತೆ. ಕಳವು ಹೇಳಲು ಹೋದವರನ್ನೇ ಹಿಡಿದು ಕೂರಿಸಿದರು. ಮನೆ ಜಾಲಾಡಿದರು. ಯಾವ ಮಸೂತಿಗೆ ಹೋಗುತ್ತಿ, ಮನೆಗೆ ಯಾರು ಬಂದು ಉಳಿಯುತ್ತಾರೆ, ಹೊರದೇಶದಲ್ಲಿ ಯಾರಿದ್ದಾರೆ... ಬರೀ ಇದೇ. ಕೀಲಿ ಮುರಿದವರು ಯಾರಿರಬಹುದು ಎಂದು ಒಬ್ಬರೂ ಕೇಳಲಿಲ್ಲ. ಉಳಿದಿಬ್ಬರು ಮದ್ದಿನವರನ್ನು ಕರೆಯಲೂ ಇಲ್ಲ. ಕೆಂಪು ಸೆರಗನ್ನು ಸಂಶಯದ ವಸ್ತು ಎಂದು ಒಯ್ದರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ಯಾರ. ಇವರ ಬಾಯಾಗ ಮಣ್ಣ ಬೀಳ್ಲಿ!” ಎಂದು ಅವ್ವ ಒಲೆಯ ಮುಂದೆ ಕೂತು ಶಪಿಸಿದಳು.

ಏನೂ ಸಿಗದೆ ಬಿಟ್ಟು ಕಳಿಸಿದರು. ಆದರೆ ಪೂರ್ತಿ ಬಿಡಲಿಲ್ಲ. ಆಗಸ್ಟ್ ಹದಿನೈದು ಬರಲಿ, ಜನವರಿ ಇಪ್ಪತ್ತಾರು ಬರಲಿ, ಎಲ್ಲೋ ಏನೋ ಸಿಡಿಯಲಿ, ಕಾಕಾ ಠಾಣೆಯ ಬೆಂಚಿನ ಮೇಲೆ. “ಅಲ್ಲಿಂದ ಝಂಡಾ ಭಾಳ ಛಲೋ ಕಾಣತೈತಿ ತಂಗಿ. ನನಗ ಮುಂದಿನ ಸಾಲಿನ್ಯಾಗ ಕುಂದ್ರಸ್ತಾರ,” ಎನ್ನುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಖಣಿಯಲ್ಲೂ ಮದ್ದು ಮುಟ್ಟಬೇಡ ಎಂದು ಅವರನ್ನು ಕಲ್ಲು ಹೇರಲು ಹಚ್ಚಿದರು. ಹೊಲಗಳಿಗೆ ಹೋಗಿ ಕೂಗುವುದು ನಿಂತಿತು.

ಮರುವರ್ಷ ನನ್ನ ತಮ್ಮ ಗೆಳೆಯರ ಜೊತೆ ಹೊಳೆಯ ಹಿನ್ನೀರಿಗೆ ಹೋದ. ನೀರಿಗೆ ಮದ್ದೆಸೆದು ಮೀನು ಹಿಡಿಯುವ ಹುಚ್ಚು ಆಗ ನಮ್ಮ ಕಡೆ ಹಬ್ಬಿತ್ತು. ಎಸೆಯುವ ಮೊದಲೇ ಅದು ಅವನ ಕೈಯಲ್ಲಿ ಸಿಡಿಯಿತು. ಅದು ನಮ್ಮ ಖಣಿಯ ಮದ್ದೇ. ಕಳುವಾದದ್ದೆಲ್ಲ ಹೋಗುತ್ತಿದ್ದುದು ಮೀನಿಗೆ. ಕಮತಗಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಅವನ ಹೆಣವನ್ನು ಮನೆಗೆ ತಂದಾಗ ಮುಖ ತೋರಿಸಿರಿ ಎಂದು ಅವ್ವ ಅಂಗಲಾಚಿದಳು. ತೋರಿಸುವಂತೆ ಇರಲಿಲ್ಲ... ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದೆ.

ಮಣ್ಣು ಮಾಡಿ ಬಂದ ಮೇಲೆ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತರು. “ತಂಗಿ, ಹೋದ ತಿಂಗಳ ಮತ್ತ ಕೀಲಿ ಮುರದಿತ್ತು. ನಾ ನೋಡಿದ್ದೆ.”

ಅವ್ವ ತಲೆ ಎತ್ತಲಿಲ್ಲ.

“ಹೇಳಾಕ ಹೋಗ್ಲಿಲ್ಲವ್ವಾ... ಆ ಕಡೆ ಕಾಲಽ ಏಳಲಿಲ್ಲ.”

ಯಾಕೆ ಹೋಗಲಿಲ್ಲ ಎಂದು ನಾವು ಕೇಳಲಿಲ್ಲ. ಯಾಕೆ ಎಂಬುದು ಇಡೀ ಓಣಿಗೆ ಗೊತ್ತಿತ್ತು. ಅವರ ಮೇಲೆ ಸಿಟ್ಟು ಮಾಡಬೇಕೆಂದು ನೋಡಿದೆ. ಆಗಲಿಲ್ಲ. ಅವ್ವ ತಂಬಿಗೆ ನೀರು ತಂದು ಮುಂದಿಟ್ಟಳು. ಅವರು ಕುಡಿಯದೆ ಎದ್ದು ಹೋದರು.

ಅವರೂ ತೀರಿಕೊಂಡು ವರ್ಷಗಳಾದವು. ಅವ್ವನೂ ಇಲ್ಲ. ಖಣಿಯಲ್ಲಿ ಈಗ ಸೈರನ್ ಕೂಗುತ್ತದೆ, ಯಾರು ಸರಿದರು ಯಾರು ಉಳಿದರು ನೋಡುವವರಿಲ್ಲ. ಕಾಕಾನ ಮಗ ಕೆರೂರ ಸಂತೆಯಲ್ಲಿ ಬಳೆ ಮಾರುತ್ತಾನೆ, ಮದ್ದು ಕಣ್ಣಿನಿಂದಲೂ ಕಂಡವನಲ್ಲ. ಹೋದ ಆಗಸ್ಟಿನಲ್ಲಿ ಅವನನ್ನೂ ದಿನವಿಡೀ ಬೆಂಚಿನ ಮೇಲೆ ಕೂರಿಸಿದರಂತೆ.

ಸೊಸೆ ಇನ್ನೂ ಸೀರೆ ಹಿಡಿದು ನಿಂತಿದ್ದಳು. “ಖರೇನಽ, ಇದರ ಸೆರಗ ಎಲ್ಲಿ ಹೋತ್ರಿ ಅತ್ತೀ?”

“ಪೊಲೀಸ್ ಸ್ಟೇಶನ್ನಿನ್ಯಾಗೈತಿ.”

“ಚಾಷ್ಟಿ ಮಾಡಬ್ಯಾಡ್ರಿ,” ಎಂದು ನಕ್ಕಳು.

ನಾನು ಚಾಷ್ಟಿ ಮಾಡಿರಲಿಲ್ಲ. ಮಂದಿಯನ್ನು ದೂರ ಸರಿಸುತ್ತಿದ್ದ ಆ ಬಟ್ಟೆಯನ್ನು ಅವರು ಇನ್ನೂ ವಾಪಸು ಕೊಟ್ಟಿಲ್ಲ. ತಮ್ಮ ಇದ್ದಿದ್ದರೆ ಅವನಿಗೂ ಈಗ ನರೆ ಬಂದಿರುತ್ತಿತ್ತು. ಸೀರೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿ ಟ್ರಂಕಿನಲ್ಲಿಟ್ಟೆ.