ಗಿರಣಿ ಬೂದಿಯ ಟಾಕಿ

ಆ ಮುಂಜಾನೆ ಹಿತ್ತಲಲ್ಲಿ ಕುಳಿತು ಹಿತ್ತಾಳೆಯ ಕೊಡ ತಿಕ್ಕುತ್ತಿದ್ದೆ. ಒಲೆಯ ಬೂದಿ, ಒಂದಿಷ್ಟು ಹುಣಸೆಹಣ್ಣು, ತೆಂಗಿನ ನಾರು. ಕೈ ತಿಕ್ಕುತ್ತಿತ್ತು ಅಷ್ಟೆ, ಜೀವ ಮಾತ್ರ ನೇಕಾರರ ಓಣಿಯ ನೀರಿನ ಟಾಕಿಯ ಹತ್ತಿರ ಇತ್ತು. ನಮ್ಮ ಮನೆಯವರು ಕಟ್ಟಿದ ಟಾಕಿಗೆ ನೀರು ತುಂಬಿಸಿ ಅಂದಿಗೆ ಮೂರನೆಯ ದಿನ.

ಸ್ವಾತಂತ್ರ್ಯ ಬಂದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಇವರು ಬೆಟಗೇರಿಯಲ್ಲಿ ಗೌಂಡಿ, ಗಾರೆ ಕೆಲಸದವರು. ಸಿಮೆಂಟು ಬೇಕೆಂದರೆ ಪರ್ಮಿಟ್ಟಿಗೆ ಅಲೆಯಬೇಕು. ಸುಣ್ಣ-ಉಸುಕಿನ ಹಳೆಯ ಟಾಕಿ ಸೋರಿ ಸೋರಿ ಓಣಿಯೆಲ್ಲ ರಾಡಿ. ಇತ್ತ ಹತ್ತಿ ಗಿರಣಿಯ ಬಾಯ್ಲರಿನ ಹಿಂದೆ ಕಲ್ಲಿದ್ದಲ ಬೂದಿ ಗುಡ್ಡದಂತೆ ಬಿದ್ದಿತ್ತು. ಗಾಳಿ ಎದ್ದರೆ ಒಣಹಾಕಿದ ಸೀರೆಗಳೆಲ್ಲ ಕಪ್ಪು. ಆ ಬೂದಿಯನ್ನೇ ಸುಣ್ಣದ ಜೊತೆ ಅರೆದು, ಖಡಿಕಲ್ಲು ಬೆರೆಸಿ, ಹೊಸ ಟಾಕಿ ಕಟ್ಟುತ್ತೇನೆಂದು ಇವರು ಹೊರಟರು.

ಅತ್ತೆ ಕೇಳಿ ಹೌಹಾರಿದರು. “ಕಟ್ಟೂ ಕೆಲಸಕ್ಕ ಯಾರರೆ ಬೂದಿ ಹಾಕ್ತಾರೇನೋ? ಇದ್ದ ಹೆಸರೂ ಬೂದಿ ಆಗ್ತೈತಿ!”

“ಯವ್ವಾ, ನೀ ದಿನಾ ಹಣಿಗೆ ಹಚ್ಕೊಳ್ಳೂದು ಏನು ಮತ್ತ?”

“ಅದು ವಿಭೂತಿಲೇ! ಗಿರಣಿ ಬೂದಿ ಹಚ್ಕೊಂಡು ಗುಡಿಗೆ ಹೋಗು, ಅಯ್ಯನೋರು ಕುಂಡ್ರಿಸಿ ಮಾತಾಡಸ್ತಾರ.”

ಓಣಿಯ ಹಿರಿಯರೂ ಒಂದು ಷರತ್ತು ಹಾಕಿದರು. ನೀರು ತುಂಬಿಸಿದ ಮೂರು ದಿನದೊಳಗೆ ಗೋಡೆ ಹಸಿಯಾದರೆ ಕಟ್ಟಿದವರೇ ಒಡೆದು ತೆಗೆಯಬೇಕು, ಮತ್ತೆ ಈ ಊರಲ್ಲಿ ಕರಣಿ ಹಿಡಿಯಬಾರದು. ಇವರು ಹೂಂ ಅಂದು ಬಂದರು. ಬೇರೆ ಕಸುಬು ನಮಗೆ ಗೊತ್ತಿರಲಿಲ್ಲ.

ಮೊದಲು ಮನೆಯಲ್ಲೇ ಸುಣ್ಣ-ಬೂದಿ ಕಲಸಿದ ಗಚ್ಚಿನ ಉಂಡೆ ಕಟ್ಟಿ, ಬಿಗಿಯಾದ ಮೇಲೆ ನೀರಲ್ಲಿಟ್ಟು ನೋಡಿದರು. ಕಲ್ಲಿನಂತೆ ನಿಂತವು. ಒಂದು ದಿನ ಗಿರಣಿ ಬೂದಿ ಸ್ವಲ್ಪ ಕಡಿಮೆ ಬಿದ್ದಿತ್ತು. ಇವರಿಗೆ ಅನುಕೂಲವಾಗಲೆಂದು ನಾನು ಒಲೆಯ ಬೂದಿ ತಂದು ಬುಟ್ಟಿ ತುಂಬಿಸಿಟ್ಟೆ. ಆ ಸಲದ ಉಂಡೆ ನೀರಲ್ಲಿ ಕರಗಿ ಅಂಬಲಿಯಾಯಿತು. ಇವರು ತಲೆಗೆ ಕೈ ಹಚ್ಚಿ ಕುಳಿತರು. ನನಗೆ ತಡೆಯಲಾಗಲಿಲ್ಲ.

“ಬೂದಿ ಬೂದಿನ ಅಲ್ಲೇನ್ರಿ ಅಂತ ಒಲಿ ಬೂದಿ ಹಾಕಿದ್ನಿರಿ.”

ಬೈಯುತ್ತಾರೆ ಅಂದುಕೊಂಡಿದ್ದೆ. ನಕ್ಕುಬಿಟ್ಟರು. “ಒಲಿ ಕುಳ್ಳಿನ ಬೂದಿ ಕೊಡ ತಿಕ್ಕಾಕ, ಕಲ್ಲಿದ್ದಲ ಬೂದಿ ಗಚ್ಚಿಗೆ. ನಿನ್ನ ಬೂದೀಲೆ ಕಟ್ಟಿದ್ರ ನೀರಿನ ಜೋಡಿ ಟಾಕಿನೂ ಹರಕೊಂಡು ಹೋಗತಿತ್ತು!”

ಉಂಡೆ ಕರಗಿದ್ದು ನಮ್ಮ ಅಂಗಳದಲ್ಲಿ, ಓಣಿಯಲ್ಲಿ ಅಲ್ಲ. ಅದೂ ದೇವರ ದಯೆಯೇ. ಅಂದಿನಿಂದ ಗಿರಣಿ ಬೂದಿ ಸೋಸುವ ಕೆಲಸ ನನ್ನದಾಯಿತು. ಹಳೆಯ ಸೀರೆಯಲ್ಲಿ ವಸ್ತ್ರಗಾಳ ಮಾಡುತ್ತಿದ್ದೆ, ಒಂದು ಹರಳೂ ಉಳಿಯದಂತೆ. ಎರಡನೆಯ ದಿನ ಅತ್ತೆ ಗೊಣಗುತ್ತಲೇ ಬಂದು ಸೀರೆಯ ಇನ್ನೊಂದು ತುದಿ ಹಿಡಿದರು. ಅದು ಇನ್ನೊಂದು ದಯೆ. ಇಷ್ಟು ವರ್ಷಗಳ ಮೇಲೆ ಈಗ ಸಿಮೆಂಟಿನ ಚೀಲದಲ್ಲೇ ಕಲ್ಲಿದ್ದಲ ಬೂದಿ ಬೆರೆತು ಬರುತ್ತದಂತೆ. ಕೇಳಿದಾಗೆಲ್ಲ ನನಗೆ ಆ ಸೀರೆ ನೆನಪಾಗುತ್ತದೆ. ನಾವು ಅತ್ತೆ-ಸೊಸೆ ಕೈಯಾರೆ ಮಾಡಿದ ಕೆಲಸವಲ್ಲವೇ ಅದು.

ಆ ಮೂರನೆಯ ದಿನದ ಮುಂಜಾನೆ ಕೊಡದ ಕಂಠ ತಿಕ್ಕುತ್ತಿದ್ದಾಗ ಅತ್ತೆ ಏದುಸಿರು ಬಿಡುತ್ತ ಹಿತ್ತಲಿಗೆ ಬಂದರು. ನಸುಕಿನಲ್ಲೇ ಎದ್ದು ಟಾಕಿ ನೋಡಲು ಹೋಗಿದ್ದರು.

“ಸುತ್ತೂ ಗ್ವಾಡಿ ಮುಟ್ಟಿ ನೋಡಿ ಬಂದೆ. ಎಲ್ಲಾ ಒಣಾ ಐತಿ! ಹಿರ್ಯಾರೂ ಮುಟ್ಟಿ ನೋಡಿದ್ರು. ಕೊಡ ಹಿಡ್ಕೊಂಡು ಪಾಳಿ ಹಚ್ಯಾರ ಮಂದಿ.”

“ಇವರು ಎಲ್ಲಿದ್ದಾರ್ರಿ ಅತ್ತಿ?”

“ಟಾಕಿಗೆ ಕೈ ಹಚ್ಚಿ ನಿಂತಾನ. ನಾ ಹೇಳಿ ಬಂದೀನಿ, ಕಟ್ಟಿದಾಂವ ನನ್ನ ಮಗ, ಬೂದಿ ಸೋಸಿದಾಕಿ ನನ್ನ ಸೊಸಿ ಅಂತ.” ಮತ್ತೆ ಸೇರಿಸಿದರು, “ಸೀರಿ ಹಿಡಿದಾಕಿ ನಾನ ಅಂತನೂ ಹೇಳೀನಿ.”

ಬೂದಿ ಮೆತ್ತಿದ ಕೈಯನ್ನೇ ಜೋಡಿಸಿ ಶಿವನಿಗೆ ಶರಣೆಂದೆ. ಇವರು ಹಿಂದಿನ ದಿನದಿಂದ ತುತ್ತು ಮುಟ್ಟಿರಲಿಲ್ಲ. ಕೊಡ ತೊಳೆದು ಬೋರಲು ಹಾಕಿ, ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟೆ.