ವಾಮನನ ಒಪ್ಪಿಗೆಗಾಗಿ ಅಬುಧಾಬಿಗೆ

ಮಂಗಳೂರು ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ಎರಡು ಸಲ ಬಿಚ್ಚಿದರು. ಮೊದಲ ಸಲ ಅವರಾಗಿಯೇ, ಉಪ್ಪಿನಕಾಯಿಯ ವಾಸನೆ ಹಿಡಿದು. ಎರಡನೆಯ ಸಲ ನಾನೇ ಕೈಮುಗಿದು ಕೇಳಿಕೊಂಡದ್ದರಿಂದ. ಪಾಸ್‌ಪೋರ್ಟ್ ಅದರೊಳಗೆ ಉಳಿಯಿತೇನೋ ಎಂದು ಹೆದರಿದ್ದೆ. ಅದು ಅಂಗಿಯ ಜೇಬಿನಲ್ಲಿತ್ತು. ಹೀಗೆ 2015ರ ಬೇಸಿಗೆಯಲ್ಲಿ, ಐವತ್ತು ದಾಟಿದ ಮೇಲೆ, ನಾನು ಮೊದಲ ಸಲ ವಿಮಾನ ಹತ್ತಿದೆ.

ಟಿಕೆಟು ಕಳಿಸಿದವನು ದುಬೈಯಲ್ಲಿರುವ ನನ್ನ ಭಾವ, ತಂಗಿ ಶಕುಂತಲೆಯ ಗಂಡ. ಆದರೆ ನಾನು ಹೊರಟ ಕಾರಣ ಬೇರೆ. ಊರಿನಲ್ಲಿ ನಾನು ಗ್ರಾಮ ಪಂಚಾಯತ್ ಸದಸ್ಯ. ಇನ್ನು ಕೆಲವೇ ವಾರಗಳ ಮಟ್ಟಿಗೆ ಎಂದು ಸೇರಿಸಬೇಕು, ಯಾಕೆಂದರೆ ಹೊಸ ಮೀಸಲಾತಿಯಲ್ಲಿ ನನ್ನ ಸ್ಥಾನ ಮಹಿಳೆಗೆ ಹೋಗಿತ್ತು. ಇಂಥ ಹೊತ್ತಿನಲ್ಲಿ ಗಂಡಸರು ಮಾಡುವ ಉಪಾಯ ಎಲ್ಲರಿಗೂ ಗೊತ್ತು: ಹೆಂಡತಿಯನ್ನು ನಿಲ್ಲಿಸುವುದು, ಗೆದ್ದ ಮೇಲೆ ಸಭೆಗೆ ತಾವು ಹೋಗಿ ಕೂರುವುದು. ನಾನೂ ಮನೆಯಲ್ಲಿ ವಿಷಯ ತೆಗೆದೆ. “ನಿಮ್ಮೊಬ್ಬರ ತಲೆಬಿಸಿ ಸುಧಾರಿಸಿಯೇ ಸಾಕಾಗಿದೆ. ಇನ್ನು ಇಡೀ ವಾರ್ಡಿನದ್ದೂ ನನಗಾ?” ಎಂದು ಹೆಂಡತಿ ಒಲೆಯ ಕಡೆ ತಿರುಗಿದಳು. ಅಲ್ಲಿಗೆ ಆ ಉಪಾಯ ಮುಗಿಯಿತು.

ಉಳಿದವಳು ಗುಲಾಬಿ. ನಮ್ಮ ಪಕ್ಕದ ಓಣಿಯವಳು, ಮಹಿಳಾ ಸಂಘ ನಡೆಸುವವಳು. ವಾರ್ಡಿನಲ್ಲಿ ನೀರಿನ ಪೈಪು ಒಡೆದರೆ ಜನ ಮೊದಲು ಹೇಳುವುದು ಅವಳಿಗೆ. ಅವಳು ಆಮೇಲೆ ನನಗೆ ಹೇಳುತ್ತಾಳೆ, ನಾನು ಪಂಚಾಯಿತಿಗೆ ಹೇಳುತ್ತೇನೆ. ಅವಳು ನಿಲ್ಲದಿದ್ದರೆ ನಮ್ಮೂರಿನ ಒಬ್ಬ ಕಂಟ್ರಾಕ್ಟರನ ಹೆಂಡತಿ ಅವಿರೋಧವಾಗಿ ಬರುವುದು ಖಂಡಿತ. ಅಂದರೆ ಕಂಟ್ರಾಕ್ಟರನೇ ಬರುವುದು. ಗುಲಾಬಿಯ ಗಂಡ ವಾಮನ ಅಬುಧಾಬಿಯಲ್ಲಿ ಅಂಗಡಿ ಕೆಲಸಕ್ಕಿದ್ದ. ಕುರ್ಚಿಯಲ್ಲಿ ಕೂರಲು ಗಂಡ ಊರಲ್ಲಿಲ್ಲ ಎನ್ನುವುದೇ ನನಗೆ ಅವಳ ದೊಡ್ಡ ಅರ್ಹತೆಯಾಗಿ ಕಂಡಿತ್ತು.

ಆದರೆ ಗುಲಾಬಿ ಒಂದು ಮಾತು ಹೇಳಿದಳು. “ನಾನು ಫೋನಿನಲ್ಲಿ ಕೇಳಿದ್ರೆ ಅವರು ಹೂಂ ಅಂತಾರೆ ಅಣ್ಣ. ಎಲ್ಲದಕ್ಕೂ ಹೂಂ ಅನ್ನುವವರೇ. ಅದು ಎಂಥ ಹೂಂ ಅಂತ ಮುಖ ನೋಡದೆ ಹೇಳ್ಲಿಕ್ಕಾಗುದಿಲ್ಲ. ನಿಮಗೆ ಹೇಗೂ ಟಿಕೆಟು ಬಂದುಂಟಲ್ಲ, ಹೋಗಿ ಎದುರು ಕೂತು ಕೇಳಿ. ಅವರಿಗೆ ಬೇಸರ ಉಂಟು ಅಂತಾದರೆ ನಾನು ನಿಲ್ಲುದಿಲ್ಲ.”

ದುಬೈಯ ಅಲ್ ಬರ್ಷಾದಲ್ಲಿ ತಂಗಿಯ ಮನೆ ಎಂಟನೆಯ ಮಹಡಿಯಲ್ಲಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಭಾವ ಆಫೀಸಿಗೆ, ತಂಗಿ ಅವಳ ಕೆಲಸಕ್ಕೆ, ಅವರ ಮಗಳು, ಅಂದರೆ ನನ್ನ ಸೊಸೆ, ಶಾಲೆಗೆ. ಬಾಗಿಲು ತನ್ನಷ್ಟಕ್ಕೆ ಬೀಗ ಹಾಕಿಕೊಳ್ಳುವ ಜಾತಿಯದು, ಹೊರಗೆ ಕಾಲಿಟ್ಟರೆ ಹೊರಗೇ ಗತಿ ಎಂದು ತಂಗಿ ಎಚ್ಚರಿಸಿದ್ದಳು. ಮೂರು ದಿನ ನಾನು ಕಾಲಿಡಲಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಮೆಟ್ರೋ ರೈಲು ಹೋಗುವುದನ್ನೂ ಬರುವುದನ್ನೂ ನೋಡಿದೆ. ಊರಲ್ಲಾದರೆ ಅಷ್ಟು ಹೊತ್ತಿಗೆ ಬೀದಿದೀಪ, ಪಡಿತರ ಚೀಟಿ ಎಂದು ಯಾರಾದರೂ ಅಂಗಳದಲ್ಲಿ ಬೈಯುತ್ತಾ ನಿಂತಿರುತ್ತಿದ್ದರು. ಬೈಯುವವರೂ ಇಲ್ಲದ ಮನೆ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಸೊಸೆ ಬಂದು, “ಮಾಮ, ವಾಟ್ ಡಸ್ ಎ ಮೆಂಬರ್ ಡೂ?” ಎಂದು ಕೇಳಿದಳು. ಕನ್ನಡದಲ್ಲೇ ಹೇಳಲಾಗದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಶುಕ್ರವಾರ ರಜೆ. ಭಾವ ಕಾರಿನಲ್ಲಿ, ಕಂಪೆನಿ ಕೆಲಸಗಾರರ ವಸತಿಗಳಿರುವ ಮುಹೈಸ್ನಾಕ್ಕೆ ಕರೆದುಕೊಂಡು ಹೋದ. ಸಾಲುಸಾಲು ಕಟ್ಟಡಗಳು, ಪ್ರತಿ ಬಾಲ್ಕನಿಯಲ್ಲೂ ಒಣಗುವ ನೀಲಿ ಅಂಗಿಗಳು. ನಮ್ಮ ವಾರ್ಡಿನ ಹುಡುಗರು ಒಂದು ಕೋಣೆಯಲ್ಲಿ ಸೇರಿದ್ದರು. ಮಂಚ, ನೆಲ, ಬಾಗಿಲ ಹೊಸ್ತಿಲು, ಎಲ್ಲ ಕಡೆ ನನ್ನ ಮತದಾರರು. ಊರಿನ ಯಾವ ಗ್ರಾಮಸಭೆಗೂ ಇಷ್ಟು ಗಂಡಸರು ಬಂದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಬೂತಿನಲ್ಲಿ ಹೆಂಗಸರ ಸಾಲು ಶಾಲೆಯ ಗೇಟು ದಾಟಿ ರಸ್ತೆಗೆ ಬರುತ್ತದೆ. ಗಂಡಸರ ಸಾಲಿನಲ್ಲಿ ಮುದುಕರು, ಕಾಲೇಜಿನ ನಾಲ್ಕು ಹುಡುಗರು ಮತ್ತು ನಾನು. ಉಳಿದ ಸಾಲು ಇಲ್ಲಿ, ತಟ್ಟೆ ಹಿಡಿದು ಕೂತಿತ್ತು. ಬೂತಾಯಿ ಮೀನಿನ ಸಾರು, ಕುಚ್ಚಲಕ್ಕಿ ಅನ್ನ.

“ಇಲ್ಲಿಗೂ ವೋಟು ಕೇಳ್ಲಿಕ್ಕೆ ಬಂದ್ರಾ ಮೆಂಬರ್ರೇ? ನಮ್ಮದು ಸಿಗ್ಲಿಕ್ಕಿಲ್ಲ, ಕಂಪೆನಿ ರಜೆ ಕೊಡುದಿಲ್ಲ” ಎಂದು ಒಬ್ಬ ನಗೆಯಾಡಿದ. ನಾನು ಗುಲಾಬಿಯ ವಿಷಯ ಹೇಳಿದೆ. ಅವರಿಗೆಲ್ಲ ಖುಷಿಯಾಯಿತು. ಗುಲಾಬಕ್ಕ ನಿಂತರೆ ತಮ್ಮ ಮನೆಯವರೆಲ್ಲ ಅವಳಿಗೇ ಹಾಕುತ್ತಾರೆಂದರು. ಕಳೆದ ಸಲ ನನಗೆ ಹಾಕಿದ್ದೂ ಅವಳು ಹೇಳಿದ್ದಕ್ಕೇ ಎಂದು, ಇನ್ನೊಂದು ಮೀನು ಬಡಿಸುತ್ತಾ ಆ ಹುಡುಗನೇ ಸೇರಿಸಿದ. ಐದು ವರ್ಷ ನಾನು ಅದನ್ನು ನನ್ನ ಭಾಷಣದ ಫಲ ಎಂದುಕೊಂಡಿದ್ದೆ. ಮೀನು ಚೆನ್ನಾಗಿತ್ತು.

ವಾಮನನ ಹೆಸರು ಬಂದಾಗ ಮಾತ್ರ ಅವರ ಉತ್ಸಾಹ ಸ್ವಲ್ಪ ತಗ್ಗಿತು. ವಾಮನಣ್ಣ ಈಚೆಗೆ ಯಾರ ಜೊತೆಯೂ ಹೆಚ್ಚು ಸೇರುವುದಿಲ್ಲವಂತೆ. ಒಪ್ಪುವುದು ಕಷ್ಟ ಎಂದರು.

ಮರುದಿನ ಮೆಟ್ರೋ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಅಬುಧಾಬಿಯ ಬಸ್ ಹತ್ತಿದೆ. ಟಿಕೆಟಿಗೆ ಇಪ್ಪತ್ತೈದು ದಿರ್ಹಂ. ಎರಡು ತಾಸಿನ ದಾರಿ. ಎರಡೂ ಬದಿಗೆ ಮರಳು, ಮರಳಿನ ನಡುವೆ ಯಾರೋ ನೀರುಣಿಸಿ ಬೆಳೆಸಿದ ಗಿಡಗಳ ಸಾಲು. ಹಣ ತುಂಬಿಸಿಟ್ಟ ಬಸ್ ಕಾರ್ಡನ್ನು ಇಳಿಯುವಾಗಲೂ ಯಂತ್ರಕ್ಕೆ ತೋರಿಸಬೇಕೆಂದು ತಂಗಿ ಹೇಳಿದ್ದಳು. ಮರೆತರೆ ದಂಡ ಹಾಕುತ್ತಾರೋ ಜೈಲೋ ಎಂದು ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಪಕ್ಕದ ಸೀಟಿನವನು ಕಿವಿಗೆ ವಯರು ಸಿಕ್ಕಿಸಿಕೊಂಡು ಮಲಗಿದ್ದ. ಮಾತಾಡಲು ಯಾರೂ ಸಿಗದಿದ್ದರಿಂದ ವಾಮನನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಪ್ರತಿ ಸಲವೂ ಅವನು ಒಪ್ಪಿದ.

ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ಎತ್ತರದ ಕಟ್ಟಡದ ಕೆಳಗೆ ಅವನು ಕೆಲಸಕ್ಕಿದ್ದ ಗ್ರಾಸರಿ ಅಂಗಡಿ. ಹಾಲು, ಖುಬೂಸ್ ರೊಟ್ಟಿ, ನೀರಿನ ಕ್ಯಾನು. ಫ್ಲ್ಯಾಟಿನವರು ಫೋನು ಮಾಡಿದರೆ ಮೇಲೆ ಒಯ್ದು ಕೊಡಬೇಕು. ವಾಮನನ ತಲೆ ಪೂರ್ತಿ ಬೆಳ್ಳಗಾಗಿತ್ತು. ರಜೆಗೆ ಬರುವಾಗ ಬಣ್ಣ ಹಾಕಿಕೊಂಡು ಬರುತ್ತಿದ್ದನೆಂದು ಅವತ್ತು ತಿಳಿಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ, ಎರಡು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಹಿಡಿದುಕೊಂಡು ಬಂದು, ಕಟ್ಟಡಗಳ ಸಂದಿಯ ನೆರಳಿನಲ್ಲಿದ್ದ ಬೆಂಚಿನ ಮೇಲೆ ನನ್ನನ್ನು ಕೂರಿಸಿದ.

ನಾನು ಹೇಳಬೇಕೆಂದು ಜೋಡಿಸಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೀಸಲಾತಿ, ಕಂಟ್ರಾಕ್ಟರು, ಕುಡಿಯುವ ನೀರು. ವಾಮನ “ಹೂಂ” ಎಂದ. ನಾನು ಅವನ ಮುಖ ನೋಡಿದೆ. ನೋಡಬೇಕೆಂದೇ ಬಂದಿದ್ದೆ, ಆದರೆ ನನಗೆ ಮುಖ ಓದಲು ಬರುವುದಿಲ್ಲ. ಬರುತ್ತಿದ್ದರೆ ಎರಡು ಸಲ ಚುನಾವಣೆ ಸೋಲುತ್ತಿರಲಿಲ್ಲ. ಆದ್ದರಿಂದ ನೇರವಾಗಿ ಕೇಳಿದೆ. “ನಿನಗೆ ಬೇಸರ ಉಂಟಾ ವಾಮನ?”

ಅವನು ಚಹಾದ ಲೋಟವನ್ನು ತಿರುಗಿಸುತ್ತಾ ಕೂತ.

“ದಿನಾ ಈ ಹೊತ್ತಿಗೆ ಫೋನ್ ಮಾಡ್ತಾಳೆ ಮೆಂಬರ್ರೇ. ತೆಂಗಿನಕಾಯಿ ಕೀಳಿಸುದಾ, ಮಗಳನ್ನು ಯಾವ ಕಾಲೇಜಿಗೆ ಹಾಕುದು, ಎಲ್ಲ ಕೇಳ್ತಾಳೆ. ಅವಳಿಗೆ ಗೊತ್ತಿಲ್ಲದ್ದು ಎಂಥದೂ ಇಲ್ಲ. ಆದ್ರೂ ಕೇಳ್ತಾಳೆ. ನಾನು ಹೂಂ ಅಂತೇನೆ.” ಲೋಟವನ್ನು ಬೆಂಚಿನ ಮೇಲಿಟ್ಟು ಹೇಳಿದ. “ನಾಳೆ ಇಡೀ ಊರೇ ಅವಳ ಹತ್ತಿರ ಕೇಳ್ಲಿಕ್ಕೆ ಶುರು ಮಾಡಿದ್ರೆ, ಅವಳು ನನ್ನ ಹತ್ತಿರ ಎಂಥ ಕೇಳುದು?”

ಪಂಚಾಯಿತಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರ ಒಂದೇ. ಬಾಯಿ ತಪ್ಪಿ ಅದೇ ಬಂತು. “ಪರಿಶೀಲಿಸೋಣ” ಎಂದುಬಿಟ್ಟೆ. ವಾಮನ ನನ್ನನ್ನೇ ನೋಡಿ ನಕ್ಕ, ನಾನೂ ನಕ್ಕೆ. ಕಂಟ್ರಾಕ್ಟರನ ಹೆಂಡತಿಯೇ ಬರಲಿ, ಇವನ ಮಧ್ಯಾಹ್ನವನ್ನು ಕಿತ್ತುಕೊಳ್ಳುವುದು ಬೇಡ ಎಂದು ನನಗೆ ಅನ್ನಿಸತೊಡಗಿತು. ಹಾಗೆಂದು ಹೇಳಲೂ ಹೊರಟೆ.

ಅಷ್ಟರಲ್ಲಿ ಫೋನು ಬಂತು. ಗುಲಾಬಿಯೇ. ವಾಮನ ಎದ್ದು ಎರಡು ಹೆಜ್ಜೆ ಆಚೆ ಹೋದ. ಅವಳು ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅವನು ಬಹಳ ಹೊತ್ತು ಕೇಳಿಸಿಕೊಂಡು, “ನಿಲ್ಲು” ಎಂದ. ಮತ್ತೆ, “ಹೂಂ ಅಲ್ಲ ಮಾರಾಯ್ತಿ. ನಿಲ್ಲು ಅಂತ ಹೇಳಿದ್ದು.” ಆಮೇಲೆ ನನಗೆ ಬೆನ್ನು ಹಾಕಿ ಹೇಳಿದ. “ಒಂದೇ ಶರತ್ತು. ಮೀಟಿಂಗ್ ಆದ ದಿನ ಎಂಥ ಎಂಥ ಆಯ್ತು ಅಂತ ಪೂರ ಹೇಳ್ಬೇಕು. ನಾನು ಮಧ್ಯ ಬಾಯಿ ಹಾಕುದಿಲ್ಲ.”

ಬಸ್ ನಿಲ್ದಾಣದವರೆಗೆ ಅವನೇ ಟ್ಯಾಕ್ಸಿಯಲ್ಲಿ ಬಂದ. ದಾರಿಯಲ್ಲಿ, ಮೊದಲ ಸಭೆಯಲ್ಲಿ ಏನೇನು ನಡೆಯುತ್ತದೆ ಎಂದು ಕೇಳಿದ. ನಾನು ಹೇಳಿದೆ: ಅಧ್ಯಕ್ಷರ ಆಯ್ಕೆ, ಹಾರ, ಅವಲಕ್ಕಿ, ಚಹಾ. ಅದರ ಮುಂದಿನ ಸಭೆಯಿಂದ ನಿಜವಾದ ಕೆಲಸ. ಪಿಡಿಒ ಹಿಂದಿನ ನಡಾವಳಿ ಓದುತ್ತಾರೆ; ಆಗ ನಿದ್ದೆ ಬರುತ್ತದೆ, ಬರಬಾರದು, ಮುಖ್ಯವಾದದ್ದು ಅಲ್ಲೇ ಇರುತ್ತದೆ. ಆಮೇಲೆ ನೀರು, ಬೀದಿದೀಪ, ರಸ್ತೆ, ಸರ್ಕಾರಿ ಮನೆ ಯಾರಿಗೆ ಎನ್ನುವ ಜಗಳ. ಮಾತಾಡಲು ಬಿಡದಿದ್ದರೆ ಎದ್ದು ನಿಲ್ಲಬೇಕು, ಎದ್ದು ನಿಂತವರ ಹೆಸರು ಬರೆದುಕೊಳ್ಳಲೇಬೇಕಾಗುತ್ತದೆ. ಅವನು ಮತ್ತೆ ಮತ್ತೆ ಕೇಳಿದ, ನಾನು ಹೇಳುತ್ತಲೇ ಹೋದೆ. ಸದಸ್ಯನಾಗಿದ್ದಷ್ಟು ಕಾಲ ಸಭೆಯಲ್ಲಿ ಏನಾಯಿತು ಎಂದು ನನ್ನನ್ನು ಮನೆಯಲ್ಲಾಗಲಿ ಹೊರಗಾಗಲಿ ಯಾರೂ ಕೇಳಿರಲಿಲ್ಲ. ಟ್ಯಾಕ್ಸಿ ನಿಂತದ್ದೂ ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಡುವಾಗ ತಿರುಗಿ ನೋಡಿದೆ. ವಾಮನ ಬಿಸಿಲಿನಲ್ಲೇ ನಿಂತಿದ್ದ, ಫೋನು ಕಿವಿಯಲ್ಲಿತ್ತು. ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಏನೋ ಹೇಳುತ್ತಿದ್ದ. ಗುಲಾಬಿಗೇ ಇರಬೇಕು: ನೀರು, ಬೀದಿದೀಪ, ರಸ್ತೆ, ಮನೆ. ನಾನು ಕೈ ಬೀಸಿದೆ. ಅವನು ಮಾತಿನಲ್ಲಿದ್ದ, ನೋಡಲಿಲ್ಲ. ಬಸ್ಸು ತಿರುಗಿದ ಮೇಲೂ ಸ್ವಲ್ಪ ಹೊತ್ತು ನನ್ನ ಕೈ ಗಾಜಿನ ಮೇಲೇ ಇತ್ತು.