ಅಜ್ಜಿನ ಬಂಡೆ ಮೇಲೆ ಇಟ್ಟು ಹುಳ ಹುಡುಕಿದ್ದು

ನಮ್ಮನೇಲಿ ಸತ್ತೋರನ್ನ ಹೊಲದಲ್ಲೇ ಹೂಳೋದು. ಅಜ್ಜಿ ಮಾತ್ರ, "ನನ್ನ ಸುಟ್ಟು ಬೂದಿನ ಸಮುದ್ರಕ್ಕೆ ಬುಡ್ರಿ, ಅಂಗಾದ್ರೂ ನೋಡ್ತೀನಿ" ಅಂದ್ಬುಟ್ಟಿದ್ಲು. ನಮ್ಮೂರು ಪುರವರ ಬುಟ್ರೆ ಮಧುಗಿರಿ, ಮಧುಗಿರಿ ಬುಟ್ರೆ ಸಿರಾ, ಮುಗೀತು ಅವಳ ಪ್ರಪಂಚ. ನನ್ನ ಕೈಯಾರೆ ಬುಡ್ತೀನಿ ಕಣೇ ಅಂತ ತಾತ ಮಾತು ಕೊಟ್ಟಿದ್ದ.

ಅದಕ್ಕೇ ನಾವಿಬ್ರೂ ಗೋಕರ್ಣದ ಬಸ್ ಹತ್ತಿದ್ದು. ಬೂದಿ ಮಡಕೆನ ನೆಲಕ್ಕೆ ಇಡಂಗಿಲ್ಲ. ಕೆಂಪು ಬಟ್ಟೆ ಕಟ್ಟಿ, ದಾರಿ ಪೂರ್ತಿ ತಾತ ತೊಡೆ ಮೇಲೆ ಇಟ್ಕಂಡಿದ್ದ.

"ಅಜ್ಜಿಗೆ ಟಿಕೆಟ್ ತಗಂಡ್ಯಾ ತಾತ?"

ನಗ್ಲಿಲ್ಲ.

ನಂಗೆ ಬೇರೆ ಕೆಲ್ಸನೂ ಇತ್ತು. ಮಧುಗಿರಿ ಬೆಟ್ಟದ ಹುಳಗಳ ಫೋಟೋ ಹಾಕಿ ನಾನು ಪ್ರಪಂಚಕ್ಕೇ ಫೇಮಸ್. ಲೈಕ್ ಹಾಕಿದೋರೆಲ್ಲ ನಮ್ಮ ನೆಂಟ್ರು, ಅಷ್ಟೆ. ಈಗ ಸೀ ಸ್ಲಗ್ ಬೇಕಿತ್ತು, ಚಿಪ್ಪಿಲ್ಲದ ಸಮುದ್ರದ ಬಸವನಹುಳ. ನೀರು ಇಳಿದಾಗ ಬಂಡೆ ಗುಂಡಿಗಳಲ್ಲಿ ಸಿಗ್ತದೆ. ನೀರು ಇಳಿಯೋ ಟೈಮನ್ನ ಫೋನಲ್ಲಿ ನೋಡ್ಕಂಡಿದ್ದೆ. ಏರೋ ಟೈಮ್ ನೋಡೋ ಅಭ್ಯಾಸ ನಮ್ ಸೀಮೇಲಿ ಯಾರಿಗೈತೆ?

ಗೋಕರ್ಣದ ಬಂಡೆಗಳ ಮೇಲೆ ಬೆಳಗ್ಗೆಯಿಂದ ಬಗ್ಗಿ ಬಗ್ಗಿ ನನ್ನ ಸೊಂಟ ತಾತನ ಸೊಂಟಕ್ಕಿಂತ ಮುದಿಯಾಯ್ತು. ಕೊನೆಗೊಂದು ಕಲ್ಲು ಎತ್ತಿದ್ರೆ, ಕೆಳಗಡೆ ಐತೆ! ಉಗುರಿನಷ್ಟು. ನೀಲಿ ಮೈ, ಹಳದಿ ಅಂಚು, ಎರಡು ಕೊಂಬು, ಬೆನ್ನ ಮೇಲೆ ಹೂವಿನಂಗೆ ಏನೋ ಅರಳಿತ್ತು. ಊರಲ್ಲಿ ಹೇಳೋವಾಗ ಅದು ಎಮ್ಮೆ ಗಾತ್ರ.

ನೀರ ಮೇಲೆ ಬಿಸಿಲು ಹೊಳೆದು ಫೋಟೋ ಬರ್ತಿರ್ಲಿಲ್ಲ. "ತಾತ, ಟವಲ್ಲು ಅಡ್ಡ ಹಿಡ್ಕೊ." ಅದಕ್ಕೆ ಎರಡೂ ಕೈ ಬೇಕು. ಮಡಕೆನ ಹಿಂದಿದ್ದ ಬಂಡೆ ಮೇಲೆ ಇಟ್ಟ.

"ಕೆಳಗೆ ಇಡಬಾರ್ದು ಅಂದಿದ್ಯಲ್ಲ ತಾತ?"

"ಬಂಡೆ ನೆಲ ಅಲ್ಲ ಕಣ್ಲಾ."

"ನೀರು ಬಂದ್ರೆ?"

"ಇಳಿದೈತಲ್ಲ. ಇಳಿದ್ ನೀರು ಎಲ್ಲಿ ಬತ್ತದೆ ಲೇ, ಮಳೆಗಾಲ ಬರ್ಬೇಕು."

ನಮ್ ಕೆರೆಗೆ ಅದು ನಿಜ. ನಾನೂ ತಲೆ ಆಡಿಸ್ದೆ. ಸಾಕು ಅಂದ್ರೂ ತಾತ ಬುಡ್ಲಿಲ್ಲ. "ಇನ್ನೊಂದು ತಗಿ. ಆತುರ ಏನೈತೆ." ಮಡಕೆ ಬುಟ್ಟಮೇಲೆ ಬರೀಗೈಲಿ ವಾಪಸ್ ಹೋಗ್ಬೇಕಲ್ಲ, ಅದು ಅವನಿಗೆ ಬೇಡಾಗಿತ್ತು.

ಪಾದ ತಣ್ಣಗಾಯ್ತು. ತಿರುಗಿ ನೋಡಿದ್ರೆ ಬಂಡೆ ಸುತ್ತಾ ನೀರು. ತಾತ ಟವಲ್ಲು ಬಿಸಾಕಿ ಓಡ್ದ. ಒಂದು ಅಲೆ ಬಂತು, ಕೆಂಪು ಬಟ್ಟೆ ಎದ್ದು ತೇಲ್ತು. ನಮ್ಮ ವಂಶದಲ್ಲಿ ಯಾರಿಗೂ ಈಜು ಬರಲ್ಲ. ತಾತನ ಎದೆ ಮಟ್ಟ ನೀರು, ನಾನು ಹಿಂದಿಂದ ಪಂಚೆ ಹಿಡ್ಕಂಡು ಜಗ್ತಾ ಇದ್ದೆ. ಮಡಕೆ ಸ್ವಲ್ಪ ದೂರ ಹೋಗಿ ಮುಳುಗ್ತು. ತಾತನ ಎರಡೂ ಕೈ ಮುಂದಕ್ಕೆ ಚಾಚಿದಂಗೇ ಇದ್ವು.

"ಅಜ್ಜಿಗೆ ಆತುರ, ತಾತ," ಅಂದೆ. ನಂಗೇ ನಗು ಬರ್ಲಿಲ್ಲ.

ಫೋಟೋ ಚೆನ್ನಾಗಿ ಬಂದೈತೆ. ಹುಳದ ಪಕ್ಕ, ನೀರಿನ ಮೇಲೆ, ಮಸುಕಾಗಿ ಮಡಕೆ ಬಟ್ಟೆದು ಕೆಂಪು ನೆರಳೈತೆ. ಅದೊಂದನ್ನ ಎಲ್ಲೂ ಹಾಕಿಲ್ಲ.

ಊರಲ್ಲಿ ಕೇಳ್ತಾರೆ, ಕೈಯಾರೆ ಬುಟ್ನೇನ್ಲಾ ನಿಮ್ ತಾತ ಅಂತ. "ಹೂಂ, ಎರಡೂ ಕೈಲಿ ಬುಟ್ಟ. ಮೂರು ಸಲ ಮುಳುಗೆದ್ದ, ಸಮುದ್ರನೇ ನಿಂತು ನೋಡ್ತು" ಅಂತ ಬುಡ್ತೀನಿ. ತಾತ ಜಗಲಿ ಮೇಲೆ ಕೂತು ಕೇಳಿಸ್ಕಂತಾನೆ. ಕೈ ಎರಡೂ ಟವಲ್ಲೊಳಗೆ ಇಟ್ಕಂತಾನೆ.